ಸೋರದ ಟ್ರಂಪೆಟ್

ಬ್ಯಾಂಡಿನಲ್ಲಿ ಟ್ರಂಪೆಟ್ ಊದುವ ನಮ್ಮ ದೊಡ್ಡಪ್ಪ ಎಚ್‌ಐವಿ ಮಾತ್ರೆ ಶುರುಮಾಡಿದಾಗ ನಾನಿನ್ನೂ ಹುಟ್ಟಿರಲಿಲ್ಲ. ವಿಷಯ ಮನೆಯವರಿಗಷ್ಟೇ ಗೊತ್ತಿತ್ತು. ಬ್ಯಾಂಡಿನವರಿಗೆ ತಿಳಿದರೆ ತನ್ನನ್ನು ದೂರವಿಡುತ್ತಾರೆ ಎಂಬ ಭಯ ಅವರಿಗೆ. ಈಗ ಬರೆಯಲು ಅವರೇ ಒಪ್ಪಿದ್ದಾರೆ.

ಹೊಸ ಮೈದಾನದ ಉದ್ಘಾಟನೆಗೆ ಮೊದಲ ಸ್ವರ ದೊಡ್ಡಪ್ಪನದೇ ಎಂದು ತೀರ್ಮಾನವಾದಾಗ ಮನೆಯಲ್ಲಿ ಸಡಗರವೋ ಸಡಗರ! ಒಂದೇ ಉಸಿರಿನಲ್ಲಿ ಎಳೆಯಬೇಕಾದ ಉದ್ದ ಸ್ವರ ಅದು. ಆದರೆ ಅಭ್ಯಾಸದಲ್ಲಿ ಅರ್ಧಕ್ಕೇ ತುಂಡಾಗುತ್ತಿತ್ತು. ಊದುವವರು ಮೊದಲು ಅನುಮಾನಿಸುವುದು ವಾದ್ಯವನ್ನೇ.

"ಗಾಳಿ ಎಲ್ಲೋ ಸೋರ್ತಿದೆ," ಎಂದು ದೊಡ್ಡಪ್ಪ ವಾಲ್ವ್‌ಗಳನ್ನು ಬಿಚ್ಚಿ ಎಣ್ಣೆ ಹಾಕಿದರು. ಕೊಳವೆಯ ಒಂದು ತುದಿ ಮುಚ್ಚಿ, ಬಕೆಟ್ ನೀರಿನಲ್ಲಿ ಮುಳುಗಿಸಿ ಊದಿ ನೋಡಿದರು. ಒಂದು ಗುಳ್ಳೆಯೂ ಏಳಲಿಲ್ಲ.

"ಸೋರ್ತಿರೋದು ನೀವೇ ಕಣ್ರೀ," ಎಂದರು ದೊಡ್ಡಮ್ಮ. "ಮೆಟ್ಟಿಲು ಹತ್ತಿದ್ರೂ ಎದೆ ಹಿಡ್ಕೋತೀರ. ಅದಕ್ಕೂ ಎಣ್ಣೆ ಬಿಡ್ತೀರಾ?"

ಬ್ಯಾಂಡ್ ಮಾಸ್ಟರೇ ಕಾರಿನಲ್ಲಿ ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ನಡೆದದ್ದನ್ನು ದೊಡ್ಡಮ್ಮ ಹೇಳಿದಂತೆಯೇ ಬರೆಯುತ್ತಿದ್ದೇನೆ.

ಹೃದಯದ ರಕ್ತನಾಳದಲ್ಲಿ ಕೊಬ್ಬು ಕಟ್ಟಿತ್ತು. ಡಾಕ್ಟರಮ್ಮ ಚೀಟಿ ಬರೆಯುತ್ತಾ, "ಬೇರೆ ಮಾತ್ರೆ ಏನಾದ್ರೂ ತಗೋತೀರಾ?" ಎಂದು ಕೇಳಿದರು. ಮಾಸ್ಟರ್ ಪಕ್ಕದಲ್ಲೇ ನಿಂತಿದ್ದರು. ದೊಡ್ಡಪ್ಪ ಫ್ಯಾನ್ ನೋಡಿದರು, ಚಪ್ಪಲಿ ನೋಡಿದರು. ಕೊನೆಗೆ, "ಎಚ್‌ಐವಿಗೆ. ತುಂಬಾ ವರ್ಷದಿಂದ," ಎಂದರು.

ಡಾಕ್ಟರಮ್ಮ ಬರೆದದ್ದನ್ನು ತಕ್ಷಣ ಹೊಡೆದುಹಾಕಿದರು. "ಹೇಳಿದ್ದು ಒಳ್ಳೇದಾಯ್ತು! ಇದು ನಿಮ್ಮ ಮಾತ್ರೆ ಜೊತೆ ಹೊಂದಲ್ಲ, ಬೇರೆ ಕೊಡ್ತೀನಿ. ಎಚ್‌ಐವಿಯ ಕೆಲವು ಹಳೇ ಮಾತ್ರೆ ಕೊಬ್ಬು ಏರಿಸ್ತವೆ. ಅದನ್ನ ಕೊಡೋ ಡಾಕ್ಟರ್ ಹತ್ರ ಮಾತಾಡ್ತೀನಿ, ಬದಲಾಯಿಸಬಹುದು."

"ನಿಲ್ಲಿಸಿಬಿಡ್ಲಾ?"

"ಖಂಡಿತ ಬೇಡ. ನಿಲ್ಲಿಸಿದ್ರೆ ಹೃದಯಕ್ಕೂ ಇನ್ನೂ ಕೆಟ್ಟದ್ದು."

ಹೊರಗೆ ಬಂದ ಮೇಲೆ ಮಾಸ್ಟರ್ ಕೇಳಿದರು, "ಇಷ್ಟು ವರ್ಷ ಯಾಕೋ ಬಾಯಿ ಬಿಡ್ಲಿಲ್ಲ?"

"ನನ್ನ ಟ್ರಂಪೆಟ್ ಯಾರೂ ಮುಟ್ಟಲ್ಲ ಅಂತ."

"ನೀನು ಯಾವತ್ತು ಮುಟ್ಟೋಕೆ ಬಿಟ್ಟಿದ್ದೆ ಮಹಾರಾಯ? ಪಕ್ಕದಲ್ಲೇ ಮಲಗಿಸ್ಕೋತೀಯ!"

ದೊಡ್ಡಮ್ಮನಿಗೆ ಅಳುವಿನ ನಡುವೆಯೇ ನಗು ಉಕ್ಕಿತಂತೆ.

ರಕ್ತನಾಳಕ್ಕೆ ಸ್ಟೆಂಟ್ ಹಾಕಿದರು. ಸದ್ಯಕ್ಕೆ ಊದಬಾರದು ಎಂದರು. ಉದ್ಘಾಟನೆಯ ದಿನ ಮೊದಲ ಸ್ವರಕ್ಕೆ ಮಾಸ್ಟರೇ ಟ್ರಂಪೆಟ್ ಹಿಡಿದು ಸಾಲಿನಲ್ಲಿ ನಿಂತರು. ಬ್ಯಾಂಡ್ ನಡೆಸುವ ತಮ್ಮ ಕೋಲನ್ನು ದೊಡ್ಡಪ್ಪನ ಕೈಗೆ ಕೊಟ್ಟು, "ನೀನು ಎತ್ತೋವರೆಗೂ ನಾವು ಯಾರೂ ಊದಲ್ಲ," ಎಂದರು.

ದೊಡ್ಡಪ್ಪ ಸಾಲಿನತ್ತ ಒಮ್ಮೆ ಕಣ್ಣು ಹಾಯಿಸಿ ಕೋಲು ಎತ್ತಿದರು.