ಖಂಡ ಕಟ್ಟಿದ ಅರಿವೆ

ಇಂದು ಮುಂಜಾನೆ ಮೊಮ್ಮಗನ ಹೆಂಡತಿ ಫ್ರಿಜ್ಜಿನಿಂದ ಕಲ್ಲಿನಂತೆ ಗಟ್ಟಿಯಾದ ಮಾಂಸ ತೆಗೆದು, ಕರಗಲೆಂದು ಅಡುಗೆಕಟ್ಟೆಯ ಮೇಲಿಟ್ಟು ಬಜಾರಿಗೆ ಹೋದಳು. ಬೀದರಿನ ಬಿಸಿಲು ಗೊತ್ತಲ್ಲ ನಿಮಗೆ. ಹತ್ತು ಗಂಟೆಗೆ ಅದರಡಿಯಿಂದ ತೆಳು ಕೆಂಪು ನೀರು ಇಳಿದು, ತೊಳೆದಿಟ್ಟ ಕೊತ್ತಂಬರಿಯ ಕಡೆಗೆ ಹೊರಟಿತ್ತು. ಕೋಲನ್ನೂ ಮರೆತು ಎದ್ದು ಅಡುಗೆಕಟ್ಟೆಗೆ ಧಾವಿಸಿದೆ. ಇಷ್ಟಕ್ಕೆ ಎಂಬತ್ತರ ಮುದುಕಿ ಹೀಗೆ ಓಡಬೇಕೇ ಎಂದು ನಗಬೇಡಿ. ಕಾರಣವಿದೆ.

ನನ್ನ ತಂದೆ ನಿಜಾಮರ ಕಾಲದಲ್ಲಿ ಔರಾದಿನ ತಹಸೀಲ ಕಚೇರಿಯ ಜವಾನ. ಕಚೇರಿ ಹೇಗಿತ್ತೋ, ನಮ್ಮ ಮನೆಯಲ್ಲಂತೂ ಚೆಂಬು ಕೂಡ ತನ್ನ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಅರಿವೆ ಮಡಚಿದರೆ ಅಂಚಿಗೆ ಅಂಚು ಕೂಡಬೇಕು. ಈ ಶಿಸ್ತನ್ನೇ ಗಂಟು ಕಟ್ಟಿಕೊಂಡು ಸಾಯಗಾಂವಿಗೆ, ಕುರಿ ಸಾಕುವ ಮನೆಗೆ ಸೊಸೆಯಾಗಿ ಹೋದೆ.

ಅಲ್ಲಿ ಅತ್ತೆಯ ಸೌಟು ಒಂದು ಕಡೆ, ಮುಚ್ಚಳ ಇನ್ನೊಂದು ಕಡೆ. ಆದರೆ ಮನೆಗೆ ಹಸಿ ಖಂಡ, ಎಂದರೆ ಮಾಂಸ, ಬಂದ ದಿನ ಅವರು ಬೇರೆಯೇ ಹೆಂಗಸು. ಅದು ಹಿತ್ತಲಿನಿಂದಲೇ ಬರಬೇಕು. ಅದಕ್ಕೆ ಬೇರೆ ಈಳಿಗೆ, ಬೇರೆ ಕಲ್ಲು. ಮುಟ್ಟಿದ ಕೈಯನ್ನು ಬೂದಿಯಿಂದ ತಿಕ್ಕದೆ ನೀರಿನ ಕೊಡ ಮುಟ್ಟುವಂತಿಲ್ಲ. ಖಂಡ ಕಟ್ಟಿ ತಂದ ಅರಿವೆಯನ್ನು ಹಿತ್ತಲ ಬೇಲಿಯ ಮೇಲೆ ಎಸೆದು, ಮರುದಿನ ತಾವೇ ಬೂದಿನೀರಿನಲ್ಲಿ ಕುದಿಸುತ್ತಿದ್ದರು. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಮಿರಗದ ಮಳೆಗಾಲದ ಒಂದು ಮೋಡದ ದಿನ, ಬೇಲಿಯ ಮೇಲೆ ಮುದುಡಿ ಬಿದ್ದ ಆ ಅರಿವೆ ನನ್ನ ಕಣ್ಣಿಗೆ ಚುಚ್ಚಿತು. ತಣ್ಣೀರಿನಲ್ಲಿ ಜಾಲಿಸಿ ಹಿಂಡಿ, ಅರೆ ಒಣಗಿದ್ದಾಗಲೇ ಅಂಚಿಗೆ ಅಂಚು ಕೂಡಿಸಿ ರೊಟ್ಟಿ ಸುತ್ತುವ ಅರಿವೆಗಳ ಮೇಲಿಟ್ಟೆ. ಮಧ್ಯಾಹ್ನ ಬಾಣಂತಿ ನಾದಿನಿಗೆಂದು ಬಡಿದ ರೊಟ್ಟಿಗಳನ್ನು ಅತ್ತೆ, ಎಲ್ಲಕ್ಕೂ ಮೇಲೆ ಕೈಗೆ ಸಿಕ್ಕ ಆ ಅರಿವೆಯಲ್ಲೇ ಸುತ್ತಿದರು. ಸಂಜೆ ನಾದಿನಿ ಅವನ್ನು ಹಾಲಿನಲ್ಲಿ ನೆನೆಸಿ ಉಂಡಳು.

ಮರುದಿನ ಬೆಳಗಾಗುವುದರೊಳಗೆ ವಾಂತಿ, ಭೇದಿ. ಮಧ್ಯಾಹ್ನಕ್ಕೆ ಕಣ್ಣು ಗುಳಿಬಿದ್ದವು. ಕೂಸನ್ನು ಎದೆಗೆ ಹಚ್ಚಿಕೊಳ್ಳಲು ಕೈಯಲ್ಲಿ ಬಲವಿಲ್ಲ. ಕಾಲರಾ ಎಂದು ಓಣಿಯವರು ಬಾಗಿಲು ಹಾಕಿಕೊಂಡರು. ಭಾಲ್ಕಿಯ ವೈದ್ಯರನ್ನು ಕರೆತರಲು ನನ್ನ ಗಂಡ ಹೋದರು. ಅಷ್ಟರಲ್ಲಿ ಅತ್ತೆಯ ಕಣ್ಣು ಬೇಲಿಯ ಮೇಲೆ ಹೋಯಿತು.

"ಇಲ್ಲಿದ್ದ ಅರಿವಿ ಎಲ್ಲದ?"

ರೊಟ್ಟಿಬುಟ್ಟಿಯ ಕಡೆ ಕೈ ತೋರಿಸಿದೆ. ಹೊಡೆತಕ್ಕೆ ಕಾದು ಗೋಡೆಗೆ ಅಂಟಿ ನಿಂತೆ. ಅವರು ಅರಿವೆಯನ್ನು ಮೂಸಿ ನೋಡಿ ಒಲೆಗೆ ತುರುಕಿದರು.

"ಮಡಚಿದ್ದು ಭಾಳ ಛಂದ ಅದವ್ವ. ಹೊಲಸು ಹೊಲಸಾಗೇ ಕಾಣಬೇಕಂತ ನಾ ಅಲ್ಲಿ ಒಗದಿದ್ದೆ." ಅರಿವೆಯನ್ನು ಬೆಂಕಿಯೊಳಗೆ ಇನ್ನಷ್ಟು ತಳ್ಳುತ್ತ, "ಆಕಿಗೇನರೆ ಆದ್ರ ನಿನಗ ಈ ಮನ್ಯಾಗ ಬಾಳು ಇಲ್ಲ. ಬಾಯಿ ಮುಚ್ಕೊಂಡಿರು" ಎಂದರು.

ವೈದ್ಯರು ಬಂದು ಏನು ಉಂಡಿದ್ದಳೆಂದು ಕೇಳಿದರು. ಅತ್ತೆ ಮುಂದೆ ಬಂದರು.

"ತಪ್ಪು ನಂದೇರಿ. ಕಣ್ಣು ಕಾಣವಲ್ಲವು. ಖಂಡದ ಅರಿವ್ಯಾಗ ರೊಟ್ಟಿ ಸುತ್ತಿದೆ."

ಉಪ್ಪು ಹಾಕಿದ ಗಂಜಿತಿಳಿಯನ್ನು ಗುಟುಕು ಗುಟುಕಾಗಿ ಮೂರು ದಿನ ಕುಡಿಸಿದೆವು. ಪ್ರತಿ ಗುಟುಕಿಗೂ, ಇದು ಒಳಗೆ ನಿಲ್ಲುತ್ತದೋ ಇಲ್ಲವೋ ಎಂದು ನಾನು ಉಸಿರು ಹಿಡಿದು ಕೂತೆ. ನಾಲ್ಕನೆಯ ದಿನ ನಾದಿನಿ ಕೂಸನ್ನು ಕೊಡಿರೆಂದು ಕೇಳಿದಳು.

ಅಂದಿನಿಂದ ಮಾವ ಅತ್ತೆಯನ್ನು ಒಲೆಯ ಹತ್ತಿರ ಬಿಡಲಿಲ್ಲ. ಅಡುಗೆಮನೆ ನನ್ನದಾಯಿತು. ಅಷ್ಟು ದೂರದ ಹಿಂಡಿನಲ್ಲಿ ಕುಂಟುವ ಕುರಿಯನ್ನು ಗುರುತಿಸುತ್ತಿದ್ದ ಹೆಂಗಸು, ಸಾಯುವವರೆಗೆ ಗೋಡೆ ತಡವುತ್ತ ನಡೆದರು. ನಾನು ಮಾತ್ರ ಅಚ್ಚುಕಟ್ಟಿನ ಸೊಸೆಯೆಂದು ಹೊಗಳಿಸಿಕೊಂಡೆ. ಎದುರಿಗೆ ಬಂದಾಗಲೆಲ್ಲ ಅವರ ಕಣ್ಣು ನನ್ನ ಕಣ್ಣಿಗೆ ನೇರ ತಾಗುತ್ತಿತ್ತು. ನಾನೇ ತಲೆ ತಗ್ಗಿಸುತ್ತಿದ್ದೆ.

ಮೊಮ್ಮಗನ ಹೆಂಡತಿ ಬಂದಾಗ ಕಟ್ಟೆ ತೊಳೆದಾಗಿತ್ತು, ಕೊತ್ತಂಬರಿ ಕಸದಲ್ಲಿತ್ತು. ಇನ್ನು ಮೇಲೆ ಹಿಂದಿನ ದಿನವೇ ತಾಟಿನಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಅಂಕಣದಲ್ಲೇ ಕರಗಿಸು, ಮುಟ್ಟಿದ ಕೈ ಸಾಬೂನಿನಿಂದ ತೊಳೆ ಎಂದು ಹೇಳಿದೆ. ಆಕೆ ನಕ್ಕಳು.

"ಇಷ್ಟ್ಯಾಕ ಅಂಜ್ತೀರಿ ಆಯಿ? ನಿಮ್ಮ ಅತ್ತಿಯವ್ರಿಗಿ ಕಣ್ಣಿರಲಿಲ್ಲ, ನನಗ ಕಣ್ಣ ಅವ ರೀ."

ಈ ಮಾತು ಮನೆಯಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಸುಮ್ಮನಿದ್ದೆ. ಇಂದು ಆಕೆಯ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ.

"ಅವರು ಕುರುಡಿ ಇರಲಿಲ್ಲವ್ವ," ಎಂದೆ.