ಬಾಗಿಲು ತೆಗೆಯದ ಊರು

ಧಾರವಾಡದ ತುಂಬಿದ ಸಭೆಯಲ್ಲಿ ನಾನು ಎದ್ದು ನಿಂತು ಮಾತಾಡಿದ್ದು ಒಂದೇ ಸಲ. ಅದಕ್ಕಾಗಿ ಹದಿನಾಲ್ಕು ವರ್ಷ ಕಾದಿದ್ದೆ.

ನನಗೆ ಹತ್ತು ವರ್ಷವಾಗಿದ್ದಾಗ ಅಪ್ಪ ಮುಂಬಯಿಯಲ್ಲಿ ಜ್ವರ ಬಂದು ತೀರಿಕೊಂಡ. ಅವನು ಅಲ್ಲಿನ ಬಟ್ಟೆ ಗಿರಣಿಯಲ್ಲಿ ರಾತ್ರಿ ಪಾಳಿಯ ಕೆಲಸಗಾರ. ನಾವಿದ್ದ ಚಾಳು ರಾತ್ರಿ ಹನ್ನೆರಡಕ್ಕೂ ಗಿಜಿಗುಡುತ್ತಿತ್ತು. ಒಂದು ಖೋಲಿಯಲ್ಲಿ ಭಜನೆ, ಇನ್ನೊಂದರಲ್ಲಿ ಜಗಳ, ಕೆಳಗೆ ಚಹಾದಂಗಡಿ, ದೂರದಲ್ಲಿ ಟ್ರಾಮಿನ ಗಂಟೆ. ರಾತ್ರಿಯೆಂದರೆ ಎಲ್ಲ ಊರಲ್ಲೂ ಹೀಗೇ ಎಂದು ನಾನು ತಿಳಿದಿದ್ದೆ.

ಅವ್ವನಿಗೆ ಉಳಿದವನು ಒಬ್ಬನೇ ಅಣ್ಣ, ಧಾರವಾಡದಲ್ಲಿ ಸಾಲಿ ಮಾಸ್ತರ. ಬರುತ್ತೇವೆಂದು ಅವ್ವ ಕಾಗದ ಬರೆಸಿದಳು. ಉತ್ತರ ಬರಲಿಲ್ಲ. ಆದರೂ ಹೊರಟೆವು. ಸಂಜೆ ಮುಟ್ಟಬೇಕಿದ್ದ ಗಾಡಿ ಮುಟ್ಟಿದಾಗ ರಾತ್ರಿ ಹತ್ತು ದಾಟಿತ್ತು. ಸ್ಟೇಶನ್ನಿನ ಹೊರಗೆ ಒಂದು ಟಾಂಗಾ ಸಹ ಇರಲಿಲ್ಲ. ಅವ್ವ ಗಂಟು ತಲೆಯ ಮೇಲೆ ಹೊತ್ತಳು. ನಾನು ಅವಳ ಸೆರಗು ಹಿಡಿದು ನಡೆದೆ. ದಾರಿಯುದ್ದಕ್ಕೂ ದೊಡ್ಡ ದೊಡ್ಡ ಗಿಡಗಳು, ಅವುಗಳ ಕೆಳಗೆ ಕತ್ತಲು. ಅಷ್ಟು ದೂರ ನಡೆದರೂ ಒಬ್ಬ ಮನುಷ್ಯ ಎದುರಾಗಲಿಲ್ಲ.

ಮಾವನ ಮನೆಯ ಕಿಡಕಿಯಲ್ಲಿ ಕಂದೀಲು ಉರಿಯುತ್ತಿತ್ತು. ಅವ್ವ ಬಾಗಿಲು ಬಡಿದಳು.

“ಯಾರದು?”

“ನಾನೋ ಅಣ್ಣಾ. ಬಾಗಲಾ ತಗಿ. ಕೂಸು ಉಪವಾಸ ಐತಿ.”

ಒಳಗೆ ಅತ್ತೆ ಏನೋ ಪಿಸುಗುಟ್ಟಿದಳು. ಆಮೇಲೆ ಮಾವನ ದನಿ ಕಿಡಕಿಯ ಹತ್ತಿರವೇ ಕೇಳಿಸಿತು. “ಇಷ್ಟೊತ್ತಿನ್ಯಾಗ ಬಾಗಲಾ ತಗಿಯೂದು ನಮ್ಮ ಓಣ್ಯಾಗ ರೂಢಿ ಇಲ್ಲ. ಮಂದಿ ಏನಂದಾರು? ಮುಂಜಾನೆ ನೋಡೂಣು.” ಕಂದೀಲಿನ ಬತ್ತಿ ಸಣ್ಣದಾಯಿತು.

ಅವ್ವ ಇನ್ನೂ ನಾಲ್ಕು ಸಲ ಕರೆದಳು. ಇಡೀ ಓಣಿಗೆ ಕೇಳಿಸುವಂತೆ ಕರೆದಳು. ಓಣಿ ಮಲಗಿಯೇ ಇತ್ತು. ನಾವು ಕಟ್ಟೆಯ ಮೇಲೆ ಕೂತೆವು. ನನಗೆ ಕಣ್ಣು ಹತ್ತಿತ್ತು, ಅವ್ವ ಅಲುಗಿಸಿ ಎಬ್ಬಿಸಿದಳು.

“ಏಳು, ಹೋಗೂಣು. ಬೆಳಕಾದ್ರ ಅಂವ ಬಾಗಲಾ ತಗೀತಾನ. ತಗದ್ರ ನಾನು ಒಳಗ ಹೋಗಬೇಕಾಗ್ತೈತಿ.”

ಮತ್ತೆ ಸ್ಟೇಶನ್ನಿಗೆ ನಡೆದು, ಹುಬ್ಬಳ್ಳಿಗೆ ಹೋಗುವ ಮೊದಲ ಗಾಡಿ ಹತ್ತಿದೆವು. ಅಲ್ಲಿ ನಮ್ಮವರು ಯಾರೂ ಇರಲಿಲ್ಲ, ಇಲ್ಲದ್ದಕ್ಕೇ ಅವ್ವ ಆ ಊರು ಆರಿಸಿದಳು.

ಇಳಿದಾಗ ಇನ್ನೂ ಕತ್ತಲು. ಆದರೆ ಎಂಥ ಕತ್ತಲು! ಕಲ್ಲಿದ್ದಲ ಹೊಗೆ, ಹಮಾಲರ ಕೂಗು, ಕುದುರೆಗಳ ಮುಂದೆ ಹುಲ್ಲು ಹರವುತ್ತಿದ್ದ ಟಾಂಗಾದವರು, ನಾಟಕ ಮುಗಿಸಿ ಹಾಡು ಗುನುಗುತ್ತ ಹೊರಟ ಮಂದಿ. ರೈಲ್ವೆ ಕಾರಖಾನೆಯ ಕಡೆ ಒಂದು ಖಾನಾವಳಿಯಲ್ಲಿ ಮುದುಕಿಯೊಬ್ಬಳು ರಾತ್ರಿ ಪಾಳಿಯವರಿಗೆಂದು ರೊಟ್ಟಿ ಬಡಿಯುತ್ತಿದ್ದಳು. ನಮ್ಮನ್ನು ನೋಡಿ ಕೈ ನಿಲ್ಲಿಸದೆಯೇ, “ಮಾರಿ ತೊಳಕೊಂಡು ಬರ್ರಿ, ರೊಟ್ಟಿ ಬಿಸಿ ಅದಾವು,” ಅಂದಳು. ಯಾರು, ಯಾವ ಊರು ಎಂದು ಕೇಳಿದ್ದು ಉಂಡಾದ ಮೇಲೆ. ಮರುದಿನದಿಂದ ಅವ್ವ ಆ ಒಲೆಯ ಮುಂದೆ ಕೂತಳು. ಅದೇ ನಮ್ಮ ಮನೆಯಾಯಿತು.

ಆ ಮುದುಕಿ ನನ್ನನ್ನು ಸಾಲಿಗೆ ಕಳಿಸಿದಳು. ಮುಂದೆ ಬೆಳಗಾವಿಯಲ್ಲಿ ಎರಡು ವರ್ಷ ಓದಿ, ಹುಬ್ಬಳ್ಳಿಯ ಹೆಣ್ಣುಮಕ್ಕಳ ಸಾಲಿಯಲ್ಲಿ ಕಲಿಸುವ ಅಕ್ಕೋರಾದೆ. ಬೆಳಗಾವಿಯ ರಾತ್ರಿ ದಂಡಿನ ಕ್ಯಾಂಪಿನ ರಾತ್ರಿ. ಎಚ್ಚರವಿರುತ್ತಿತ್ತು, ಆದರೆ ಪಹರೆಯವನ ಎಚ್ಚರ. ಯಾವ ಊರಿಗೆ ಹೋದರೂ ನಾನು ರಾತ್ರಿ ಹತ್ತರ ಮೇಲೆ ಎಷ್ಟು ಬಾಗಿಲು ತೆರೆದಿವೆ ಎಂದು ನೋಡುತ್ತಿದ್ದೆ. ನೋಡಿದಾಗೆಲ್ಲ ಮಾವನ ನೆನಪಾಗುತ್ತಿತ್ತು. ಆ ಸಿಟ್ಟು ಆರದಂತೆ ನಾನೇ ಊದಿ ಊದಿ ಇಟ್ಟುಕೊಂಡಿದ್ದೆ.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ದಿನ ಗೆಳತಿಯೊಬ್ಬಳು ಧಾರವಾಡದ ಒಂದು ವ್ಯಾಖ್ಯಾನದ ಕರಪತ್ರ ತೋರಿಸಿದಳು. ವಿಷಯ, ಊರು ಮತ್ತು ಸಂಸ್ಕೃತಿ. ಮಾತಾಡುವವರು ನಿವೃತ್ತ ಹೆಡ್ ಮಾಸ್ತರರು. ನನ್ನ ಮಾವ. ಅವ್ವನಿಗೆ ಹೇಳದೆ ಹೋದೆ.

ಮಾವ ಮಾತು ಬಲ್ಲವನು. ಮುಂಬಯಿ, ಪುಣೆ, ಹುಬ್ಬಳ್ಳಿ ಎಲ್ಲವನ್ನೂ ತೂಗಿ ನೋಡಿದ. “ಧಾರವಾಡ ಒಂಬತ್ತಕ್ಕ ಮಲಗತದ ಅಂತ ಹುಬ್ಬಳ್ಳಿಯವರು ನಗತಾರ. ನಗಲಿ. ಮಲಗೂ ಊರಿಗೆ ಮನಿ ಇರತದ. ರಾತ್ರಿಯಿಡೀ ಎದ್ದಿರೂ ಊರಿಗೆ ಬರೇ ಬೀದಿ ಇರತದ.” ಮಂದಿ ಚಪ್ಪಾಳೆ ತಟ್ಟಿದರು.

ನಾನು ಎದ್ದೆ. “ಒಂದು ಪ್ರಶ್ನೆ ಐತ್ರಿ. ಮಲಗಿದ ಊರಾಗ ಯಾರರೆ ಬಂದು ಬಾಗಲಾ ಬಡದ್ರ ಯಾರು ತಗೀಬೇಕ್ರಿ?”

ಮಾವ ನಕ್ಕ. “ಮನಿ ಯಜಮಾನ ತಗೀಬೇಕವಾ.”

“ಬಡದಾಕಿ ಒಡಹುಟ್ಟಿದ ತಂಗಿ ಆಗಿದ್ರ? ಗಂಡ ಸತ್ತಾಕಿ? ಜೋಡಿ ಹತ್ತು ವರ್ಷದ ಮಗಳಿದ್ರ? ಕಂದೀಲು ಸಣ್ಣ ಮಾಡಿದ್ರಲ್ಲಾ ಮಾವಾ, ಆ ಮಗಳು ನಾನು.”

ಅವನು ಕನ್ನಡಕ ತೆಗೆದು ಒರೆಸಿದ. ಮತ್ತೆ ಹಾಕಿಕೊಂಡು ನನ್ನನ್ನು ನೋಡಿದ. “ಈಕಿ ಯಾರೋ ನನಗ ಗೊತ್ತಿಲ್ಲ,” ಅಂದ.

ಆಗ ಹೆಂಗಸರ ಸಾಲಿನಲ್ಲಿ ಒಬ್ಬ ಮುದುಕಿ ಕೂತಲ್ಲಿಂದಲೇ ಮಾತಾಡಿದಳು. “ಗೊತ್ತಿಲ್ಲ ಅನಬ್ಯಾಡ್ರಿ ಮಾಸ್ತರ. ನಿಮ್ಮ ಎದುರು ಮನ್ಯಾಗ ನಾನಿದ್ದೆ. ಅಣ್ಣಾ, ಅಣ್ಣಾ ಅಂತ ಕರ್ಯಾಕತ್ತಿದ್ಲು ಪಾಪ. ನಾನು ಕೇಳೇನಿ. ನಾನೂ ತಗೀಲಿಲ್ಲ, ಆ ಪಾಪ ನನ್ನ ಮ್ಯಾಲೂ ಐತಿ.”

ಅಧ್ಯಕ್ಷರು ಗಡಬಡಿಸಿ ವಂದನೆ ಹೇಳಿ ಸಭೆ ಮುಗಿಸಿದರು. ತಂದಿದ್ದ ಹಾರ ಮೇಜಿನ ಮೇಲೆಯೇ ಉಳಿಯಿತು. ಮಾವ ಹಿಂದಿನ ಬಾಗಿಲಿನಿಂದ ಹೋದ. ನಾನು ಮುಂದಿನ ಬಾಗಿಲಿನಲ್ಲಿ ಎಲ್ಲರೂ ಹೊರಗೆ ಹೋಗುವ ತನಕ ನಿಂತಿದ್ದೆ, ನನ್ನ ಮುಖ ಅವರಿಗೆ ನೆನಪಿರಲಿ ಎಂದು.

ಸುದ್ದಿ ಕಾಲೇಜಿನ ಹುಡುಗರ ಬಾಯಿಗೆ ಬಿತ್ತು. ಅವರು ದಿನಾ ರಾತ್ರಿ ಹತ್ತರ ಮೇಲೆ ಮಾವನ ಬಾಗಿಲು ಬಡಿದು, “ಅಣ್ಣಾ, ಬಾಗಲಾ ತಗಿ,” ಎಂದು ಕೂಗಿ ಓಡುತ್ತಿದ್ದರಂತೆ. ಅಕ್ಕಪಕ್ಕದವರು ದೀಪ ಹಚ್ಚಿ ನಗುತ್ತಿದ್ದರಂತೆ. ಅತ್ತೆ ನನಗೆ ಕಾಗದ ಬರೆದಳು. ನಿದ್ದೆಯಿಲ್ಲ, ನಿನ್ನ ಮಾವ ಹೊರಗೆ ಹೋಗುವುದನ್ನೇ ಬಿಟ್ಟಿದ್ದಾರೆ, ಹುಡುಗರಿಗೆ ನೀನೊಂದು ಮಾತು ಹೇಳು ಎಂದು. ನಾನು ಹೇಳಬಹುದಿತ್ತು. ಹೇಳಲಿಲ್ಲ. ಕಾಗದಕ್ಕೆ ಉತ್ತರವನ್ನೂ ಬರೆಯಲಿಲ್ಲ. ಅದನ್ನು ಓದಿದ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಇದನ್ನು ಮುಚ್ಚಿಡುವ ಮನಸ್ಸು ನನಗಿಲ್ಲ.

ಅವ್ವನಿಗೆ ಗೊತ್ತಾದಾಗ, “ಮಂದಿ ಮುಂದ ಒಡಹುಟ್ಟಿದವನ ಮಾನ ಕಳದಿ,” ಎಂದು ಎಂಟು ದಿನ ನನ್ನ ಕೂಡ ಮಾತು ಬಿಟ್ಟಳು. ಒಂಬತ್ತನೆಯ ದಿನ ಹಿಟ್ಟು ನಾದುತ್ತ, ತಲೆ ಎತ್ತದೆ ಕೇಳಿದಳು.

“ನೀ ಹಂಗ ಅಂದಾಗ ಅವನ ಮಾರಿ ಹ್ಯಾಂಗಾತು?”

ಹೇಳಿದೆ. ಅವಳು ಹಿಟ್ಟಿಗೆ ಇನ್ನಷ್ಟು ನೀರು ಚಿಮುಕಿಸಿ, “ಅವನ ಕೈ ನಡಗಿದ್ವೇನು?” ಅಂದಳು.

ನಡುಗಿರಲಿಲ್ಲ. “ಹೂಂ ಅವ್ವಾ, ಭಾಳ ನಡಗಿದ್ವು,” ಅಂದೆ.