ಅಕ್ಕೋರು ಬರೆದ ವಾಕ್ಯ

ಇಂದಿರಾ ಅಕ್ಕೋರು ತರಗತಿಯಲ್ಲಿ ಕುರ್ಚಿಯ ಮೇಲೆ ಕುಳಿತದ್ದನ್ನು ನಾನು ನೋಡಿಲ್ಲ. ನೆಲದ ಮೇಲೆ ಸೀಮೆಸುಣ್ಣದಿಂದ ಹಾಸಿಗೆಯಷ್ಟು ದೊಡ್ಡ ‘ಅ’ ಬರೆದು, ಸೀರೆಯ ನೆರಿಗೆ ಎತ್ತಿ ಹಿಡಿದು, ಅದರ ಗೆರೆಯ ಮೇಲೆಯೇ ನಡೆಯುತ್ತಿದ್ದರು. ಹಿಂದೆ ಹದಿನಾಲ್ಕು ಮಕ್ಕಳ ಮೆರವಣಿಗೆ. ಯಾರಾದರೂ ಗೆರೆ ತಪ್ಪಿದರೆ, “ಏ, ಹಳ್ಳದಾಗ ಬಿದ್ದಿ ನೋಡ!” ಎಂದು ಕೂಗು. ಪುಣೆಯ ಆ ಕನ್ನಡ ಶಾಲೆಯಲ್ಲಿ ಅವರು ಒಂದನೇ ತರಗತಿಗೆ ಕಲಿಸುತ್ತಿದ್ದರು, ನಾನು ಎರಡನೆಯದಕ್ಕೆ. ನಡುವೆ ಇದ್ದದ್ದು ಬರೀ ತಗಡಿನ ಗೋಡೆ. ನನ್ನ ಮಗ್ಗಿ ಎಷ್ಟೋ ಸಲ ಅವರ ಗದ್ದಲದಲ್ಲಿ ಮುಳುಗಿಹೋಗಿದೆ.

“ಪುಸ್ತಕ ಎಲ್ಲಿ ಓಡಿ ಹೋಗತದ? ಮೊದಲ ಮನಿಯಿಂದ ಒಂದೊಂದ ಶಬ್ದ ತರ್ರಿ” ಎನ್ನುತ್ತಿದ್ದರು. ಮಕ್ಕಳು ದಿನಾ ಬೆಳಿಗ್ಗೆ ಒಂದು ಶಬ್ದ ಹೇಳಬೇಕು, ಅವರು ಅದನ್ನು ರಟ್ಟಿನ ತುಂಡಿನ ಮೇಲೆ ಬರೆದು ಕೊಡಬೇಕು. ಒಬ್ಬಳು ಮರಾಠಿಯ ‘ಝುರಳ’ ತಂದಳು. ಅಕ್ಕೋರು ಪಕ್ಕದಲ್ಲಿ ‘ಜಿರಳೆ’ ಬರೆದು ಎರಡನ್ನೂ ಓದಿಸಿದರು. ಮಕ್ಕಳು ಹೀಗೆ ಕಲಿತಷ್ಟು ಬೇಗ ಪಠ್ಯಪುಸ್ತಕದಿಂದ ಕಲಿತದ್ದನ್ನು ನಾನು ಕಂಡಿಲ್ಲ.

ರೇಣುಕಾ ಎಂಬ ಆರು ವರ್ಷದ ಹುಡುಗಿ ಹತ್ತು ದಿನ ಶಾಲೆಗೆ ಬಂದಿರಲಿಲ್ಲ. ಯಾಕೆಂದು ಯಾರೂ ತಿಳಿಸಿರಲಿಲ್ಲ. ಬಂದ ದಿನ ಅವಳ ಶಬ್ದದ ಸರದಿಯಲ್ಲಿ, “ಆಯಿ ಇಲ್ಲ” ಎಂದಳು.

ಧಾರವಾಡದ ಕಡೆ ಆಯಿ ಎಂದರೆ ಅಜ್ಜಿ. ಮರಾಠಿಯಲ್ಲಿ ತಾಯಿ. ಪುಣೆಯಲ್ಲಿ ಮೂವತ್ತು ವರ್ಷ ಇದ್ದವರಿಗೆ ಇದು ತಿಳಿಯದ್ದಲ್ಲ. ಆದರೆ ತರಗತಿಯೊಳಗೆ ಅಕ್ಕೋರ ಕಿವಿ ಧಾರವಾಡದ್ದೇ.

“ಊರಿಗೆ ಹೋಗಿರಬೇಕ ತಗೋ, ಬರತಾಳ” ಎಂದು ಹಲಗೆಯ ಮೇಲೆ ಬರೆದರು: ‘ಆಯಿ ಊರಿಗೆ ಹೋದಳು. ಆಯಿ ಬರುತ್ತಾಳೆ.’ ಎಲ್ಲರಿಂದ ಓದಿಸಿದರು. ಎಲ್ಲರಿಗಿಂತ ಗಟ್ಟಿಯಾಗಿ ಓದಿದವಳು ರೇಣುಕಾ. ಗೋಡೆಯಾಚೆ ನನಗೂ ಕೇಳಿಸಿತು. ಅವಳು ತಡೆಯದೆ ಓದಿದ ಮೊದಲ ವಾಕ್ಯಗಳು ಅವು. ಅದೇ ಮಾತು ಬರೆದ ರಟ್ಟನ್ನು ಮನೆಗೆ ಒಯ್ದಳು.

ಮರುದಿನ ಅವಳಪ್ಪ ಬಂದ. ವಿಜಯಪುರದವನು, ಚಾಕಣದ ಕಾರ್ಖಾನೆಯಲ್ಲಿ ಕೆಲಸ, ಹೆಂಡತಿ ಮರಾಠಿಯವಳು. “ಅಕ್ಕೋರ, ಕೂಸಿಗೆ ಏನ ಬರದ ಕೊಟ್ಟೀರಿ? ಅವರವ್ವ ಬರತಾಳಂತ ನಿನ್ನಿಯಿಂದ ಹೊಸ್ತಲದಾಗ ಕುಂತದ, ಏಳವಲ್ದು. ಆಕಿ ಸತ್ತು ಹನ್ನೆರಡ ದಿನಾ ಆತ್ರಿ.” ಅವನ ದನಿಯಲ್ಲಿ ಸಿಟ್ಟೂ ಇರಲಿಲ್ಲ.

ಅಕ್ಕೋರು ಅಂದೇ ಅವನ ಮನೆಗೆ ಹೋಗಿ ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನಿಜ ಹೇಳಿದರು. ಅವಳು ರಟ್ಟು ತೋರಿಸಿ, “ನೀವೇ ಬರದೀರಲ್ರಿ” ಎಂದಳಂತೆ.

ಆಮೇಲೆ ರೇಣುಕಾ ಓದಲಿಲ್ಲ. ಮಾತಾಡುತ್ತಿದ್ದಳು, ಆಡುತ್ತಿದ್ದಳು, ಬರೆದದ್ದನ್ನು ಮುಂದೆ ಹಿಡಿದರೆ ಮಾತ್ರ ಬಾಯಿ ಬಿಗಿಯುತ್ತಿತ್ತು. ಅಕ್ಕೋರು ಹಿಟ್ಟಿನಲ್ಲಿ ಅಕ್ಷರ ಮಾಡಿಸಿದರು, ಬೆನ್ನ ಮೇಲೆ ಬೆರಳಿನಿಂದ ಬರೆದು ಕೇಳಿದರು. ಏನೂ ನಡೆಯಲಿಲ್ಲ. ಆ ವರ್ಷವೇ ನಿವೃತ್ತರಾದರು. ಹುಡುಗಿ ನನ್ನ ತರಗತಿಗೆ ಬಂದಳು. ಸಂಜೆಯಾದರೆ ಅಕ್ಕೋರ ಫೋನ್: “ಓದಿದಳೇನವ್ವಾ?” “ಇನ್ನೂ ಇಲ್ರಿ.”

ಧನಕವಡಿಯ ಅವರ ಮನೆಯಲ್ಲಿ ಕೊನೆಯ ಸಲ ಕಂಡಾಗ ಹಾಸಿಗೆ ಹಿಡಿದಿದ್ದರು. ಕಾಯಿಲೆಯ ಮಾತೇ ಎತ್ತಲಿಲ್ಲ. “ಹಲಗಿ ಮ್ಯಾಲಿಂದ ಅಳಿಸಿದೆ. ಆ ಕೂಸಿನ ಮನಸಿನ್ಯಾಗಿಂದ ಅಳಿಸಲಿಕ್ಕ ಬರವಲ್ದು” ಎಂದು ನನ್ನ ಕೈ ಹಿಡಿದು ಅತ್ತರು.

ಹದಿನೈದು ದಿನಕ್ಕೆ ಹೋಗಿಬಿಟ್ಟರು. ಬೆಳಿಗ್ಗೆ ನಾನೇ ಸುದ್ದಿಯನ್ನು ಹಲಗೆಯ ಮೇಲೆ ಬರೆದೆ. ಮಕ್ಕಳನ್ನು ಮನೆಗೆ ಕಳಿಸಿದರೂ ರೇಣುಕಾ ಬೆಂಚು ಬಿಟ್ಟು ಏಳಲಿಲ್ಲ. ಒಂದೊಂದೇ ಅಕ್ಷರಕ್ಕೆ ತಡೆದು ತಡೆದು, ಗಟ್ಟಿಯಾಗಿ ಓದಿದಳು: “ಇಂದಿರಾ ಅಕ್ಕೋರು ತೀರಿಕೊಂಡರು.”

ಆಮೇಲೆ ನನ್ನತ್ತ ತಿರುಗಿ ಕೇಳಿದಳು, “ಇದು ಖರೇ ಏನ್ರಿ?”